ಸೊನ್ನೆ ಕಾಯುತ್ತಿದ್ದ ಮಾವ

ನಾನು ನಿಂತಿದ್ದುದು ಅಡ್ಡಕ್ಕೆ ಐದು, ಉದ್ದಕ್ಕೆ ಐದು. ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯ ತಾರಸಿಯ ಮೇಲೆ, ೧೯೯೬ರ ಜನವರಿಯ ಒಂದು ರವಿವಾರ, ಸಂಜೆ ಐದೂಕಾಲಿಗೆ. ಇಷ್ಟು ಕರಾರುವಾಕ್ಕಾಗಿ ಹೇಳದಿದ್ದರೆ ನಮ್ಮ ಸೋದರಮಾವ ಸ್ವರ್ಗದಿಂದಲೇ ಕಿವಿ ಹಿಂಡಿಯಾರು! ಅಂಥ ತಲೆತಿನ್ನುವ ಗಣಿತದ ಮಾಸ್ತರು ಇಡೀ ಊರಲ್ಲಿ ಇನ್ನೊಬ್ಬರಿರಲಿಲ್ಲ.

ಎರಡು ಬಿಂದುಗಳ ಅಂತರ ಕಲಿಸಲು ಅವರಿಗೆ ಕರಿಹಲಗೆ ಸಾಲದು. ತಾರಸಿಯ ಫರಸಿಕಲ್ಲುಗಳೇ ಚೌಕುಳಿ ಕಾಗದ, ನಾವೇ ಬಿಂದುಗಳು. ಎಡಮೂಲೆಯಲ್ಲಿ ಸೀಮೆಸುಣ್ಣದ ದೊಡ್ಡ ಸೊನ್ನೆ. ಅಲ್ಲೇ ಎಡ ಅಂಚಿನ ಗೋಡೆ ಒಡೆದು ಬಾಗಿಲಗಲ ಬಯಲಾಗಿತ್ತು. ಕೆಳಗೆ ನಾಲ್ಕು ಮಹಡಿ. ಎಂಥ ಬಿಸಿಲಿದ್ದರೂ ಮಾವ ನಿಲ್ಲುವುದು ಆ ಬಯಲಿಗೆ ಬೆನ್ನು ಕೊಟ್ಟೇ!

"ಆ ಸೊನ್ನಿ ನಡುವ ಹಾಕ್ರಲ್ಲ, ನೀರಿನ ಟಾಕಿ ನೆರಳಿಗೆ," ಎನ್ನುತ್ತಿದ್ದರು ಅತ್ತೆ.

"ಅದೇನ್ ಕುರ್ಚಿ ಏನ, ಬೇಕಾದಲ್ಲಿ ಸರಸಾಕ? ಮೂಲಬಿಂದು ಅದು!"

"ದಿನಾ ಕಾಯ್ಕೋತ ನಿಂದ್ರತೀರಿ. ಯಾರ್ ಕದ್ದೊಯ್ತಾರ್ರಿ ಸೊನ್ನಿ?"

ಚಹಾ ತಂದರೂ ಅಡ್ಡ-ಉದ್ದದ ಅದೇ ಗೋಳು. "ಚಹಾ ಎಲ್ಲದ?" "ನನ್ನ ಕೈಯಾಗ!" "ನಿನ್ನ ಕೈ ಎಲ್ಲದ?" ಅತ್ತೆ ಆ ಚಹಾವನ್ನು ಅವರೆದುರೇ ಕುಡಿದು ಕೆಳಗಿಳಿಯುತ್ತಿದ್ದರು.

ನನ್ನ ಜೊತೆ ಹತ್ತನೆಯ ತರಗತಿಯಲ್ಲಿದ್ದ ಪಕ್ಕದ ಮನೆಯ ಸುನಂದಾ ಚುರುಕು. ಚಿಹ್ನೆಗಳ ವಿಷಯದಲ್ಲಿ ಮಾತ್ರ ಉಡಾಫೆ.

"ವರ್ಗ ಮಾಡಿದ್ರ ಋಣಾನೂ ಧನಾನ ಆಗ್ತದಲ್ರಿ ಸರ್! ಉತ್ತರ ಅದ ಬರ್ತದ."

"ಉತ್ತರ ಬರ್ತದವಾ, ನೀ ಬರಂಗಿಲ್ಲ!"

ನಾವು ಬಿದ್ದು ಬಿದ್ದು ನಕ್ಕಿದ್ದೆವು.

ಆ ಸಂಜೆ ಅವಳು ನಿಂತದ್ದು ಅಡ್ಡಕ್ಕೆ ಎರಡು, ಉದ್ದಕ್ಕೆ ಒಂದರಲ್ಲಿ. ನನ್ನವರೆಗಿನ ಅಂತರ ಲೆಕ್ಕಹಾಕಿ, ಹಾಗೇ ನಡೆದು ತೋರಿಸಬೇಕು. ಐದರಲ್ಲಿ ಎರಡು ಕಳೆಯುವ ಬದಲು ಎರಡರಲ್ಲಿ ಐದು ಕಳೆದಳು. ಅಡ್ಡಕ್ಕೆ ಋಣ ಮೂರು, ಉದ್ದಕ್ಕೆ ನಾಲ್ಕು. ಉತ್ತರ ಐದು, ಸರಿಯಾಗಿಯೇ ಬಂತು. ಪುಸ್ತಕದ ಮೇಲೆ ಕಣ್ಣಿಟ್ಟು, "ಋಣ ಮೂರು" ಎನ್ನುತ್ತ ಹಿಂದೆ ಹಿಂದೆ ನಡೆದಳು. ಒಂದು. ಎರಡು. ಮೂರನೆಯದಕ್ಕೆ ಕಾಲೆತ್ತಿದಾಗ ಅವಳ ಬೆನ್ನು, ಸೊನ್ನೆ ಬಿಟ್ಟು ಆ ಸಾಲಿಗೆ ಸರಿದಿದ್ದ ಮಾವನ ಹೊಟ್ಟೆಗೆ ತಾಗಿತು. ಮಾವ ಅವಳ ಎರಡೂ ಭುಜ ಹಿಡಿದರು. ಅವರ ಬಲ ಹಿಮ್ಮಡಿ ಅರ್ಧ ಬಯಲಿನಲ್ಲಿತ್ತು. ಅದನ್ನು ನಾನು ಕಂಡೆ.

"ಉತ್ತರ ಬರೋಬರ್ ಅದ," ಎಂದರು.

ಆಮೇಲೆ ಮಂಡಿಯೂರಿ, ಧೋತರದ ಚುಂಗಿನಿಂದ ಸೊನ್ನೆಯನ್ನು ಒರೆಸಿದರು. ತಾರಸಿಯ ನಟ್ಟನಡುವೆ ಹೊಸದು ಬರೆದರು. ಮೆಟ್ಟಿಲ ಬಾಗಿಲಲ್ಲಿ ಅತ್ತೆ ಚಹಾ ಹಿಡಿದು ನಿಂತೇ ಇದ್ದರು. ಎಲ್ಲದ ಎಂದು ಕೇಳದೆ ಮಾವ ಅದನ್ನು ಇಸಿದುಕೊಂಡು ಕುಡಿದರು.

ಅಂದು ನಡೆದದ್ದನ್ನು ಕಂಡವರು ಅತ್ತೆ ಮತ್ತು ನಾನು; ಇಬ್ಬರೂ ಇನ್ನೂ ಇದ್ದೇವೆ. ಸುನಂದಾ ಏನನ್ನೂ ಕಾಣಲಿಲ್ಲ, ಅವಳ ಕಣ್ಣು ಪುಸ್ತಕದಲ್ಲಿತ್ತು. ಅವಳೂ ಇದ್ದಾಳೆ.