ಏಮೆಲಿಯ ಬಲಹುಬ್ಬು

"ನಿಮ್ಮ ಯಂತ್ರ ನಮ್ಮ ಹೊಸ ವ್ಯವಸ್ಥೆಗೆ ಯೋಗ್ಯವಲ್ಲ" ಎಂದು ಹಿಲ್ಯಾ ಅಜ್ಜಿಯ ಲ್ಯಾಪ್‌ಟಾಪು ಪರದೆ ತುಂಬ ಬರೆದುಕೊಂಡು ಕೂತಿತ್ತು. ಅಜ್ಜಿ ಅದನ್ನು ತಣ್ಣಗೆ ಓದಿ ಕನ್ನಡಕ ಒರೆಸಿಕೊಂಡಳು. ಮೈಗೆ ಬೆಂಕಿ ಹತ್ತಿದ್ದು ಎದುರು ಮನೆಯ ಆರ್ಟುವಿಗೆ. ಹದಿನಾರನೇ ವಯಸ್ಸಿನಲ್ಲಿ ಕಸುಬು ಶಾಲೆಯವರು ಅವನ ಕೈಗಿಟ್ಟು ಮನೆಗೆ ಕಳಿಸಿದ ಕಾಗದದಲ್ಲೂ ಇದ್ದದ್ದು ಇದೇ ಪದ.

"ಯೋಗ್ಯವಲ್ಲ ಅನ್ನೋಕೆ ಇವರ್ಯಾರು ಅಜ್ಜಿ? ಕಿತ್ತು ಬಿಸಾಕ್ತೀನಿ ಇವರ ವ್ಯವಸ್ಥೇನ. ಲಿನಕ್ಸ್ ಹಾಕ್ತೀನಿ. ನಮ್ಮ ಮಣ್ಣಲ್ಲಿ ಹುಟ್ಟಿದ ಪುಕ್ಕಟೆ ವ್ಯವಸ್ಥೆ, ಯಾರ ಅಪ್ಪಣೇನೂ ಬೇಕಾಗಿಲ್ಲ!"

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಆರ್ಟು ಜಗತ್ತಿನ ಎಲ್ಲ ದೊಡ್ಡ ಕಂಪನಿಗಳ ಮೇಲೂ ಹಲ್ಲು ಕಡಿಯುತ್ತಿದ್ದ. ಆದರೆ ಬುಧವಾರ ರಜೆ ಹಾಕಿ ಮುದುಕಿಯ ಲ್ಯಾಪ್‌ಟಾಪಿನ ಮುಂದೆ ಕೂತದ್ದಕ್ಕೆ ಬರೀ ಕೋಪವೇ ಕಾರಣ ಅಂದರೆ ಸುಳ್ಳಾಗುತ್ತದೆ. ಕಾರಣ ಸೌನಾ.

ತಾಂಪೆರೆಯ ಆ ಆರು ಮಹಡಿಯ ಕಟ್ಟಡಕ್ಕೆ ಇದ್ದದ್ದು ಒಂದೇ ಸೌನಾ, ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆವರುವ ಕೋಣೆ, ನೆಲಮಾಳಿಗೆಯಲ್ಲಿ. ಮನೆಗೊಂದರಂತೆ ವಾರಕ್ಕೆ ಒಂದು ಗಂಟೆಯ ಸರದಿ. ಆರ್ಟುವಿನ ಸರದಿ ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಆಗ ಅವನು ಗೋದಾಮಿನಲ್ಲಿ ಬೆವರುತ್ತಿರುತ್ತಿದ್ದ, ಸೌನಾ ಖಾಲಿ ಉರಿಯುತ್ತಿತ್ತು. ಸರದಿಗಳ ರಾಣಿ ಅಂದರೆ ಶುಕ್ರವಾರ ಸಂಜೆ ಏಳು ಗಂಟೆ. ವಾರದ ಕೆಲಸ ಮುಗಿದಿರುತ್ತದೆ, ಕಲ್ಲು ಚೆನ್ನಾಗಿ ಕಾದಿರುತ್ತದೆ, ಹೊರಗೆ ಬಂದರೆ ಎದುರಿಗೆ ಎರಡು ದಿನ ರಜೆ. ಅದು ಮೂವತ್ತೆಂಟು ವರ್ಷದಿಂದ ಹಿಲ್ಯಾ ಅಜ್ಜಿಯ ಹೆಸರಲ್ಲಿತ್ತು.

ಈಗ ಅಜ್ಜಿ ಊರು ಬಿಡುವ ಮಾತಾಡುತ್ತಿದ್ದಳು. ದೂರದ ಉತ್ತರದಲ್ಲಿ, ಲ್ಯಾಪ್‌ಲ್ಯಾಂಡಿನಲ್ಲಿ ಅವಳ ಅಣ್ಣ ಏಮೆಲಿ ಒಂಟಿ. ಸೊಂಟ ನೋವು. ಸಾಲದ್ದಕ್ಕೆ ಈ ಚಳಿಗಾಲ ಹಿಮದ ಭಾರಕ್ಕೆ ಅವನ ಸೌನಾದ ಮಾಡು ಕುಸಿದಿತ್ತು.

"ಅವನು ಬಾ ಅಂದ್ರೆ ಹೋಗಿಬಿಡ್ತೀನಿ. ನನ್ನ ಶುಕ್ರವಾರ ನಿಂಗೇ ಇರ್ಲಿ" ಅಂದಿದ್ದಳು ಅಜ್ಜಿ.

"ಫೋನ್ ಮಾಡಿ ಕೇಳಿಬಿಡಿ!"

"ಫೋನಲ್ಲಿ ಏಮೆಲಿ ಸುಮ್ಮನಿರ್ತಾನೆ. ಆ ಸುಮ್ಮನಿರೋದು ಹೌದೋ ಅಲ್ವೋ ಗೊತ್ತಾಗ್ಬೇಕಾದ್ರೆ ಹುಬ್ಬು ನೋಡ್ಬೇಕು. ಬಲಹುಬ್ಬು ಎತ್ತಿದ್ರೆ ಹೌದು, ಎಡಹುಬ್ಬು ಎತ್ತಿದ್ರೆ ಇಲ್ಲ. ಚಿತ್ರಾನೂ ಬೇಕು, ಸದ್ದೂ ಬೇಕು."

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಮನೆಗೆ ಬರುವ ದಾದಿ ಏಮೆಲಿಯ ಎದುರಿಗೆ ಒಂದು ಟ್ಯಾಬ್ಲೆಟ್ ನಿಲ್ಲಿಸಿ, ವಿಡಿಯೋ ಕರೆ ತೆರೆದಿಟ್ಟು ಹೋಗುವುದು, ಸಂಜೆ ನಾಲ್ಕಕ್ಕೆ ಬಂದು ಆರಿಸುವುದು ಎಂದು ಮಾತಾಯಿತು. ಅಜ್ಜಿ ಕಾಫಿ ಇಳಿಸಿ, ಏಲಕ್ಕಿ ಬನ್ನಿನ ತಟ್ಟೆ ಮುಚ್ಚಿಟ್ಟು, ಬೀಗದ ಕೈ ಆರ್ಟುವಿಗೆ ಕೊಟ್ಟು ಗೆಳತಿಯ ಜೊತೆ ಈಜುಕೊಳಕ್ಕೆ ಹೊರಟಳು. ಲಿನಕ್ಸನ್ನು ಆರ್ಟು ಹಿಂದಿನ ದಿನವೇ ಹಾಕಿದ್ದ. ಉಳಿದದ್ದು ಐದು ನಿಮಿಷದ ಕೆಲಸ ಎಂದು ಅವಳಿಗೆ ಹೇಳಿದ್ದ.

ಒಂಬತ್ತಕ್ಕೆ ಕರೆಗೆ ಸೇರಿದರೆ ಪರದೆಯ ಮೇಲೆ ಆರು ಬೂದು ಚೌಕಗಳು ಕಂಡವು. ಮೇಲಿನ ಎರಡು ಏಮೆಲಿಯ ಹಣೆ ಇರಬೇಕು, ಕೆಳಗಿನವು ಗಡ್ಡ. ಹುಬ್ಬು ಯಾವ ಚೌಕದಲ್ಲಿದೆ ಎಂದು ದೇವರೇ ಹೇಳಬೇಕು. ಸದ್ದಿನ ಜಾಗದಲ್ಲಿ ಸ್ಮಶಾನ ಮೌನ.

"ಚಿತ್ರ ಮೂಡಿಸೋ ತಂತ್ರಾಂಶ, ಡ್ರೈವರ್, ಅದಿಲ್ಲ. ಸದ್ದಿನ ಡ್ರೈವರೂ ಇಲ್ಲ. ಅಷ್ಟೇ ತಾನೆ" ಎಂದು ತನಗೆ ತಾನೇ ಹೇಳಿಕೊಂಡು ಆರ್ಟು ಅಂತರ್ಜಾಲದ ಚರ್ಚಾಕಟ್ಟೆಗೆ ಹೋದ. ಅಲ್ಲಿ ಒಬ್ಬ ಪುಣ್ಯಾತ್ಮನಿಗೆ ಇದೇ ಲ್ಯಾಪ್‌ಟಾಪಿನಲ್ಲಿ ಇದೇ ತೊಂದರೆ ಬಂದಿತ್ತು. ಆರ್ಟು ಕುರ್ಚಿಯಿಂದ ಎದ್ದೇ ಬಿಟ್ಟ. ಕೆಳಗೆ ಅದೇ ಪುಣ್ಯಾತ್ಮ ಬರೆದಿದ್ದ: "ಸರಿಹೋಯಿತು, ಎಲ್ಲರಿಗೂ ಧನ್ಯವಾದ." ಹೇಗೆ ಸರಿಹೋಯಿತು ಎಂಬುದನ್ನು ಅವನು ತನ್ನ ಜೊತೆಗೇ ಮಣ್ಣಿಗೆ ಒಯ್ಯಲು ನಿರ್ಧರಿಸಿದ್ದ.

ಮೊದಲ ಡ್ರೈವರ್ ಹಾಕಿದ. ಪರದೆ ಕಪ್ಪಾಯಿತು. ಮೂಲೆಯಲ್ಲಿ ಒಂದು ಬಿಳಿ ಗೆರೆ ಕಣ್ಣು ಹೊಡೆಯುತ್ತ ಕೂತಿತು. ಅದನ್ನು ತೆಗೆದು ಎರಡನೆಯದು ಹಾಕಿದ. ಚಿತ್ರ ಬಂತು, ಆದರೆ ಅಡ್ಡಡ್ಡ. ಏಮೆಲಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಂತೆ ಕಾಣಿಸಿದ. ಆರ್ಟು ಕತ್ತು ಹೊರಳಿಸಿಕೊಂಡೇ ಮೂರನೆಯ ಆಜ್ಞೆ ಟೈಪು ಮಾಡಿದ, ಮಾಡುತ್ತ ಕಂಪನಿಗಳನ್ನೂ ಅವುಗಳ ತಾಯಂದಿರನ್ನೂ ಜೋರಾಗಿ ನೆನೆದ.

ಆ ಕಟ್ಟಡದಲ್ಲಿ ಜನ ಬಾಗಿಲ ಕಿಂಡಿಯಲ್ಲಿ ಇಣುಕಿ, ಮೆಟ್ಟಿಲ ಮೇಲೆ ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಹೊರಗೆ ಬರುತ್ತಿದ್ದರು. ಅಂಥ ಕಡೆ ಆರ್ಟುವಿನ ಬೈಗುಳ ಬೆಂಕಿಯ ಗಂಟೆ ಬಾರಿಸಿದ ಹಾಗಾಯಿತು. ಮೊದಲು ಬಂದವನು ಪಕ್ಕದ ಮನೆಯ ಕಾಲೆವಿ, ನಿವೃತ್ತ ರೇಡಿಯೋ ರಿಪೇರಿಯವನು. ನಾಲ್ಕು ವರ್ಷದಲ್ಲಿ ಅವನು ಆರ್ಟುವಿನ ಜೊತೆ ಎರಡು ಮಾತಾಡಿದ್ದ, ಎರಡೂ ಆರ್ಟುವಿನ ಸೈಕಲ್ಲು ತಪ್ಪು ಜಾಗದಲ್ಲಿರುವುದರ ಬಗ್ಗೆ.

"ಏನಯ್ಯಾ ಇದು, ಯಾರಾದ್ರೂ ಸತ್ರಾ?"

"ಸದ್ದು ಸತ್ತಿದೆ. ಚಿತ್ರ ಈಗ ಬರುತ್ತೆ ನೋಡಿ."

ಬಂದೇ ಬಂತು. ಹತ್ತು ಗಂಟೆಯ ಹೊತ್ತಿಗೆ ಏಮೆಲಿ ನೆಟ್ಟಗೆ, ತಿಳಿನೀರಿನಲ್ಲಿ ನಿಂತ ಮೀನಿನಂತೆ ಸ್ಪಷ್ಟವಾಗಿ ಕೂತಿದ್ದ. ಹುಬ್ಬಿನ ಒಂದೊಂದು ಕೂದಲೂ ಎಣಿಸಬಹುದಿತ್ತು. ಆರ್ಟು ಎರಡು ಕೈಯನ್ನೂ ಮೇಲೆತ್ತಿ ಕುಣಿದ. ಅದೇ ಉಮೇದಿನಲ್ಲಿ ಸದ್ದಿಗೆ ಆಜ್ಞೆಯ ಏನೋ ಒಂದು ಸಾಲು ಅಂಟಿಸಿ, ಯಂತ್ರ ಮತ್ತೆ ಚಾಲೂ ಮಾಡಿ, ಕರೆಗೆ ಸೇರಿ ಕೂಗಿದ.

"ಏಮೆಲೀ! ಕೇಳ್ತಿದೆಯಾ?"

ಎರಡು ಸೆಕೆಂಡು ಕಾದ. ಮೂರನೆಯ ಸೆಕೆಂಡು ಕಾಯುವ ಗುಣ ಅವನ ವಂಶದಲ್ಲೇ ಇರಲಿಲ್ಲ.

"ಕೇಳಲ್ಲ! ನೋಡಿ, ಅಲ್ಲಾಡಲ್ಲ ಕೂಡ. ಚಿತ್ರಾನೂ ಹೆಪ್ಪುಗಟ್ಟಿದೆ!"

"ಇರು" ಎಂದ ಕಾಲೆವಿ, ಕಿವಿ ಹತ್ತಿರ ತಂದು. "ಏನೋ ಟಕ್ ಟಕ್ ಅಂತಿದೆ."

ನಿಜ. ಲ್ಯಾಪ್‌ಟಾಪಿನಿಂದ ಸಣ್ಣಗೆ, ಬಿಡದೆ, ಟಕ್ ಟಕ್ ಟಕ್. ಕಾಲೆವಿಯ ಮುಖ ವೈದ್ಯನ ಮುಖವಾಯಿತು.

"ಡಿಸ್ಕು. ಕೊನೇ ಉಸಿರು ಎಳೀತಿದೆ. ಇಂಥಾ ಸದ್ದು ನಲವತ್ತು ವರ್ಷ ಕೇಳಿದೀನಿ."

"ಅದು ಸಾಯೋದ್ರೊಳಗೆ ಸದ್ದು ಬರಿಸ್ಬೇಕು!"

"ಒಂದು ಹಾಡು ಹಾಕಿ ನೋಡಬಾರ್ದಾ?"

ಆರ್ಟು ಅವನನ್ನು ಕನಿಕರದಿಂದ ನೋಡಿದ. "ಅದು ಏನೂ ಗೊತ್ತಿಲ್ಲದವರು ಮಾಡೋದು ಕಾಲೆವಿ. ನಾವು ಮೂಲಕ್ಕೇ ಕೈ ಹಾಕ್ಬೇಕು."

ಕಾಲೆವಿ ಮೂಲಕ್ಕೆ ಕೈ ಹಾಕಲು ಸ್ಕ್ರೂಡ್ರೈವರ್ ತಂದ. ಯಂತ್ರ ಆರಿಸಿ ತಳ ಬಿಚ್ಚಿದರು. ಒಳಗೆ ಹದಿಮೂರು ವರ್ಷದ ಧೂಳು ಮತ್ತು ಬನ್ನಿನ ಒಂದು ಸಕ್ಕರೆ ಹರಳು ಸಿಕ್ಕವು. ಊದಿ, ಮತ್ತೆ ಮುಚ್ಚಿದರು. ಒಂದು ಸ್ಕ್ರೂ ಉಳಿಯಿತು. ಕಾಲೆವಿ ಯಾರಿಗೂ ಕಾಣದ ಹಾಗೆ ಅದನ್ನು ಜೇಬಿಗಿಳಿಸಿದ. ಕರೆಗೆ ಮತ್ತೆ ಸೇರಿದರು. ಟಕ್ ಟಕ್ ಹಾಗೇ ಇತ್ತು.

ಹನ್ನೆರಡಕ್ಕೆ ಮೂರನೆಯ ಮಹಡಿಯ ಸಿನಿಕ್ಕಾ ಬಂದಳು. ಸೌನಾ ಸರದಿಯ ಪಟ್ಟಿಗೂ ಅದರ ಪೆನ್ಸಿಲ್ಲಿಗೂ ಅವಳೇ ಒಡತಿ. ಪೆನ್ಸಿಲ್ಲು ಸದಾ ಅವಳ ಕಿವಿಯ ಮೇಲಿರುತ್ತಿತ್ತು. ಬನ್ನಿನ ತಟ್ಟೆ ತೆರೆದು ಒಂದನ್ನು ಕೈಗೆತ್ತಿಕೊಂಡೇ ಕೇಳಿದಳು.

"ಹಿಲ್ಯಾ ಹೋಗ್ತಾಳಂತೆ? ಹೋದ್ರೆ ಶುಕ್ರವಾರಕ್ಕೆ ಹನ್ನೊಂದು ಮನೆಯವರು ಕಾದಿದಾರೆ. ನೀನು ಹನ್ನೆರಡನೆಯವನು."

ಆರ್ಟು ಕೀಲಿಮಣೆ ಬಿಟ್ಟು ಎದ್ದ. "ಅಜ್ಜಿ ಬಾಯಿಬಿಟ್ಟು ನಂಗೆ ಕೊಟ್ಟಿದಾಳೆ ಸಿನಿಕ್ಕಾ!"

"ಅವಳು ಹೋಗೋದು ಖಾತ್ರಿಯಾಗ್ಲಿ, ಎಲ್ಲರ ಎದುರಿಗೆ ಹೇಳ್ಲಿ, ಬರೀತೀನಿ. ಅಂಥಾದ್ದೇನಪ್ಪಾ ಇದೆ ಆ ಶುಕ್ರವಾರದಲ್ಲಿ?"

ಕೇಳಬಾರದ್ದನ್ನು ಕೇಳಿದಳು. ಆರ್ಟು ಶುರು ಮಾಡಿದ. ಹೋದ ಶರತ್ಕಾಲದಲ್ಲಿ ಒಲೆಗೆ ಹೊಸ ಕಲ್ಲು ತುಂಬಿದ್ದು, ಶುಕ್ರವಾರ ಮಧ್ಯಾಹ್ನದಿಂದಲೇ ಕಾದು ಏಳರ ಹೊತ್ತಿಗೆ ಅವು ಹದಕ್ಕೆ ಬರುವುದು, ಮೇಲಿನ ಹಲಗೆಯ ಬಲಮೂಲೆಯಲ್ಲಿ ಕೂತರೆ ಹಬೆ ಮೊದಲು ಕಿವಿ ಮುಟ್ಟಿ, ಆಮೇಲೆ ಬೆನ್ನು ಸವರಿ, ಸೊಂಟದಲ್ಲಿ ಎಷ್ಟು ವರ್ಷದ ನೋವಿದ್ದರೂ ಕರಗಿಸಿಬಿಡುವುದು.

"ಅಂಥಾ ಹಬೆ ಇಡೀ ದೇಶದಲ್ಲಿಲ್ಲ! ಅದನ್ನ ಈ ಒಣಮೀನು ತಡೆದು ಕೂತಿದೆ ನೋಡಿ!" ಎಂದು ಪರದೆಗೆ ಬೆರಳು ತೋರಿಸಿದ. "ಒಂದು ಬಾ ಅನ್ನು ಮಾರಾಯ! ಬಾ ಅಂದ್ರೆ ಅಜ್ಜಿ ನಿನ್ನ ಪಾಲು, ಶುಕ್ರವಾರ ಏಳು ನನ್ನ ಪಾಲು!"

ಏಮೆಲಿ ನಿಧಾನವಾಗಿ ಬಾಯಿ ತೆರೆದ. ಅಷ್ಟರಲ್ಲಿ ಆರ್ಟು ಸದ್ದಿನ ಇನ್ನೊಂದು ಡ್ರೈವರಿಗಾಗಿ ಯಂತ್ರವನ್ನು ಮತ್ತೆ ಚಾಲೂ ಮಾಡಲು ಗುಂಡಿ ಒತ್ತಿಯಾಗಿತ್ತು.

ಮಧ್ಯಾಹ್ನ ಹೀಗೇ ಸರಿಯಿತು. ಕರೆ ತೆರೆದಿದ್ದಷ್ಟು ಹೊತ್ತೂ ಕಾಲೆವಿ ತನ್ನ ಕಾಲದ ರೇಡಿಯೋಗಳ ಕತೆ ಹೇಳಿದ. ಸಿನಿಕ್ಕಾ ಹನ್ನೊಂದು ಮನೆಗಳ ಒಳಗುಟ್ಟು ಬಿಚ್ಚಿದಳು, ಐದನೇ ಮಹಡಿಯವರು ಸೌನಾದಲ್ಲಿ ಹುರಿಗಡಲೆಯಂತೆ ಸಾಸೇಜು ಮೆಲ್ಲುತ್ತಾರೆಂಬುದೂ ಅದರಲ್ಲಿ ಸೇರಿತ್ತು. ಮೂರು ಡ್ರೈವರ್ ಬಂದವು, ಮೂರು ಹೋದವು. ಚರ್ಚಾಕಟ್ಟೆಯಲ್ಲಿ ಆರ್ಟು ಹಾಕಿದ ಪ್ರಶ್ನೆಗೆ ಉತ್ತರ ಬಂತು: "ಮೊದಲು ಹುಡುಕಿ ನೋಡಿ, ಆಮೇಲೆ ಕೇಳಿ." ಅದಕ್ಕೆ ಆರ್ಟು ಕೊಟ್ಟ ಮರುತ್ತರಕ್ಕೆ ಅವನನ್ನು ಕಟ್ಟೆಯಿಂದಲೇ ಹೊರಗೆ ಹಾಕಿದರು. ಕಾರಣದ ಪೆಟ್ಟಿಗೆಯಲ್ಲಿ ಏನು ಬರೆದಿದ್ದರೋ, ಅವನು ಓದಲಿಲ್ಲ. ಯಾವ ಪದ ಇರುತ್ತದೆಂದು ಅವನಿಗೆ ಗೊತ್ತಿತ್ತು.

ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಬಾಗಿಲು ತೆರೆಯಿತು. ಒದ್ದೆ ಕೂದಲಿನ ಹಿಲ್ಯಾ ಅಜ್ಜಿ, ಖಾಲಿ ಬನ್ನಿನ ತಟ್ಟೆ, ತನ್ನ ಸೋಫಾದ ಮೇಲೆ ಇಬ್ಬರು ಅತಿಥಿಗಳು, ನೆಲದ ಮೇಲೆ ತಲೆ ಹಿಡಿದು ಕೂತ ಆರ್ಟು, ಎಲ್ಲವನ್ನೂ ಒಮ್ಮೆ ನೋಡಿದಳು.

"ಸೋತೆ ಅಜ್ಜಿ" ಎಂದ ಆರ್ಟು. "ಚಿತ್ರ ಬಂತು, ಸದ್ದು ಬರ್ಲಿಲ್ಲ. ನಾನೂ ಯೋಗ್ಯವಲ್ಲ, ಬಿಡಿ."

ಹೇಳಿ ಅವನು ಬಾಯಿ ಮುಚ್ಚಿದ. ಬೆಳಗ್ಗೆಯಿಂದ ಮೊದಲ ಸಲ ಆ ಕೋಣೆಯಲ್ಲಿ ಪೂರ್ತಿ ಮೌನ ಬಿತ್ತು. ಟಕ್ ಟಕ್ ಮಾತ್ರ. ಅಜ್ಜಿ ಪರದೆಯ ಎದುರು ಕೂತು ಅಣ್ಣನನ್ನು ನೋಡಿದಳು. ಅರ್ಧ ನಿಮಿಷ ಕಳೆಯಿತು.

"ನಮಸ್ಕಾರ ಹಿಲ್ಯಾ" ಎಂದಿತು ಲ್ಯಾಪ್‌ಟಾಪು, ಬಾವಿಯಿಂದ ಬಂದಂಥ ದಪ್ಪ ಸ್ವರದಲ್ಲಿ.

ಆರ್ಟು ನೆಲದಿಂದ ಹಾರಿಬಿದ್ದ. "ಸದ್ದು! ಸದ್ದು ಬಂತು! ಯಾವಾಗ ಬಂತು?"

ಮತ್ತೆ ಮೌನ. ಈ ಸಲ ಅಜ್ಜಿ ಬೆರಳೆತ್ತಿ ಆರ್ಟುವಿನ ಬಾಯಿ ಮುಚ್ಚಿಸಿದ್ದಳು.

"ಹತ್ತು ಗಂಟೆಗೆ" ಎಂದ ಏಮೆಲಿ.

"ಮತ್ತೆ ಯಾಕೆ ಮಾತಾಡ್ಲಿಲ್ಲ ನೀವು?!"

"ನೀವು ಮಾತಾಡ್ತಿದ್ರಲ್ಲ. ನಡುವೆ ಬಾಯಿ ಹಾಕೋದು ಹೇಗೆ?"

ಕಾಲೆವಿ ಕೆಮ್ಮಿದ. "ಹಾಗಾದ್ರೆ ಈ ಟಕ್ ಟಕ್..."

"ನನ್ನ ಗೋಡೆ ಗಡಿಯಾರ. ಚೆನ್ನಾಗೇ ಓಡ್ತಿದೆ. ಬಿಚ್ಚೋದು ಬೇಡ."

ಕಾಲೆವಿ ಜೇಬಿನೊಳಗೆ ಸ್ಕ್ರೂವನ್ನು ಬಿಗಿಯಾಗಿ ಹಿಡಿದುಕೊಂಡ. ಆರ್ಟುವಿಗೆ ತಾನು ಬೆಳಗ್ಗೆಯಿಂದ ಏನೇನು ಅಂದಿದ್ದೇನೆ ಎಂಬುದು ಒಂದೊಂದಾಗಿ ನೆನಪಾಗತೊಡಗಿತು. ಒಣಮೀನಿನ ಹತ್ತಿರ ಬಂದಾಗ ಕಿವಿ ಬಿಸಿಯಾಯಿತು. ಇರಲಿ, ಒಂದು ಹುಬ್ಬು ಎದ್ದರೆ ಸಾಕು. ಅವನು ಬಲಹುಬ್ಬಿನ ಮೇಲೆ ಕಣ್ಣು ನೆಟ್ಟ.

"ಏಮೆಲಿ, ನಾನು ಬಂದುಬಿಡ್ಲಾ ಅಲ್ಲಿಗೆ?" ಎಂದಳು ಅಜ್ಜಿ.

ಗಡಿಯಾರ ಹನ್ನೆರಡು ಸಲ ಟಕ್ ಎಂದಿತು. ಬಲಹುಬ್ಬು ಅಲುಗಿತು. ಆರ್ಟು ಸಿನಿಕ್ಕಾಳ ತೋಳು ಹಿಡಿದ. ಬಲಹುಬ್ಬು ಎದ್ದಿತು. ಆರ್ಟು ಬಾಯಿ ತೆರೆದ. ಅಷ್ಟರಲ್ಲಿ ಎಡಹುಬ್ಬೂ ಎದ್ದಿತು.

"ಎರಡೂ ಎತ್ತಿದ" ಎಂದು ಅಜ್ಜಿ ಪಿಸುಗುಟ್ಟಿದಳು. "ಎಂಬತ್ತು ವರ್ಷದಲ್ಲಿ ಇದನ್ನ ನೋಡಿರ್ಲಿಲ್ಲ."

"ನೀನು ಬರೋದು ಬೇಡ" ಎಂದ ಏಮೆಲಿ. "ನಾನೇ ಬರ್ತೀನಿ."

ಆಮೇಲೆ ಅವನು ಮಾತಾಡಿದ. ಅಜ್ಜಿಯೇ ಆಮೇಲೆ ಹೇಳಿದಂತೆ, ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅವನು ಅಷ್ಟು ಮಾತಾಡಿರಲಿಲ್ಲ.

"ಹತ್ತಿರ ಹತ್ತಿರ ಆರು ಗಂಟೆ ಹೊತ್ತು ಕೂತು ಕೇಳ್ದೆ. ಚೆನ್ನಾಗಿತ್ತು. ರೇಡಿಯೋದಲ್ಲಿ ಇಂಥಾದ್ದು ಈಗ ಬರಲ್ಲ. ಆ ಸಾಸೇಜಿನವರದು ಮುಂದೇನಾಯ್ತು ತಿಳೀಬೇಕು. ನನ್ನ ಸೌನಾ ಅಂತೂ ಬಿದ್ದಿದೆ. ನಾಳೆ ರೈಲು ಹತ್ತಿದ್ರೆ ಶುಕ್ರವಾರ ಏಳಕ್ಕೆ ಸರಿಯಾಗತ್ತೆ. ಮೇಲಿನ ಹಲಗೆ, ಬಲಮೂಲೆ. ಸೊಂಟಕ್ಕೆ ಒಳ್ಳೇದಂತೆ, ಆ ಹುಡುಗ ಹೇಳ್ದ."

ಅಜ್ಜಿಯ ಕಣ್ಣು ತುಂಬಿತ್ತು. ಅವಳು ಆರ್ಟುವಿನ ಎರಡೂ ಕೈ ಹಿಡಿದುಕೊಂಡಳು.

"ಎಂಥಾ ಕೆಲಸ ಮಾಡ್ದೆ ಮಗಾ! ಹನ್ನೊಂದು ವರ್ಷದಿಂದ ಬಾ ಬಾ ಅಂತಿದ್ದೆ, ಕದಲಿರ್ಲಿಲ್ಲ."

"ಇದು ಲಿನಕ್ಸ್ ಅಜ್ಜಿ" ಎಂದ ಆರ್ಟು.

"ಇನ್ನೊಂದು ವಿಷಯ" ಎಂದಿತು ಲ್ಯಾಪ್‌ಟಾಪು. ಹಿಂದೆ ಎಲ್ಲೋ ದಾದಿ ಬಂದ ಬಾಗಿಲಿನ ಸದ್ದು ಕೇಳಿಸಿತು. "ನೆಲಮಾಳಿಗೆ ಅಂದ್ರಲ್ಲ. ಮೆಟ್ಟಿಲು ಇಳಿಯೋಕೆ ನಂಗೊಂದು ಕೈ ಬೇಕು. ಒಣಮೀನು ಹಗುರ ಇರತ್ತೆ, ಕಷ್ಟ ಆಗಲ್ಲ."

ಪರದೆ ಕಪ್ಪಾಯಿತು. ಇದಕ್ಕೆ ಯಾವ ಡ್ರೈವರೂ ಕಾರಣವಾಗಿರಲಿಲ್ಲ.

ಸಿನಿಕ್ಕಾ ಜೇಬಿನಿಂದ ಪಟ್ಟಿ ತೆಗೆದು, ಕಿವಿಯ ಮೇಲಿನ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿದಳು. ನಿಯಮ ಅಂದರೆ ನಿಯಮ. ಸಂಜೆ ಆರ್ಟು ಕೆಳಗೆ ಸರದಿ ಪಟ್ಟಿ ತೂಗುಹಾಕುವ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಓದಿದ. ನಾಲ್ಕು ವರ್ಷ ಕಾದದ್ದಕ್ಕೆ ಅವನ ಹೆಸರು ಕೊನೆಗೂ ಶುಕ್ರವಾರ ಏಳು ಗಂಟೆಯ ಚೌಕದಲ್ಲಿ, ದುಂಡನೆಯ ಅಕ್ಷರದಲ್ಲಿ ಬಿದ್ದಿತ್ತು: "ಹಿಲ್ಯಾ ಮತ್ತು ಏಮೆಲಿ. ಜೊತೆಗೆ ಆರ್ಟು, ಬಾಗಿಲವರೆಗೆ."