ದೊಡ್ಡ ಮಾವನ ವೆಜ್ ಗಾಲ್ಫು

ಚೆಂಡನ್ನು ದೂರ ಹೊಡೆಯಬೇಕೆಂದು ಗಾಲ್ಫ್ ಕಲಿಯುವವರನ್ನು ನೀವು ನೋಡಿರಬಹುದು. ಹತ್ತಿರ ಹೊಡೆಯಬೇಕೆಂದೇ ಕಲಿತವರು, ನನಗೆ ತಿಳಿದ ಮಟ್ಟಿಗೆ, ಕಗ್ಗದಾಸಪುರದ ನಮ್ಮ ದೊಡ್ಡ ಮಾವ ಒಬ್ಬರೇ! ಪ್ರಪಂಚದ ಗಾಲ್ಫ್ ಆಟಗಾರರೆಲ್ಲ ಚೀಲದ ತುಂಬ ಕೋಲು ಹೊರಿಸಿಕೊಂಡು ತಿರುಗಿದರೆ ಮಾವನ ಬಳಿ ಇರುವುದು ಒಂದೇ ಕೋಲು. ಮೈದಾನವೂ ಒಂದೇ, ಅವರ ಮನೆಯ ಹಿತ್ತಿಲು. ಅದೆಷ್ಟು ವಿಶಾಲವೆಂದರೆ, ಅಲ್ಲೊಂದು ಎಮ್ಮೆ ಕಟ್ಟಿದರೆ ಅದು ಬಾಲ ಬೀಸುವ ಮುಂಚೆ ಮನೆಯವರ ಅಪ್ಪಣೆ ಕೇಳಬೇಕು.

ಕೋಲು ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಮಾವ ಹೋಗಿದ್ದು ಕಳೆ ತೆಗೆಯುವ ಸಲಕರಣೆ ತರಲು. ಹೊಲವೆಲ್ಲ ಲೇಔಟಾಗಿ, ಲೇಔಟೆಲ್ಲ ಅಪಾರ್ಟ್‌ಮೆಂಟಾಗಿ ಎಷ್ಟೋ ವರ್ಷಗಳಾದರೂ ಕಳೆಯ ಮೇಲಿನ ಅವರ ಹಗೆ ಮಾತ್ರ ಇನ್ನೂ ಹಸಿಯಾಗಿದೆ. ಉಕ್ಕಿನ ಮುಖವನ್ನು ಹಿಂದಕ್ಕೆ ವಾಲಿಸಿಕೊಂಡು ಬಿದ್ದಿದ್ದ ಕೋಲೊಂದನ್ನು ಎತ್ತಿ, ಇದು ಯಾವ ಸೀಮೆಯ ಕುಂಟೆ ಎಂದು ವಿಚಾರಿಸಿದರಂತೆ. ಅಂಗಡಿಯ ಭಾಯಿ, "ಗಾಲ್ಫ್ ಕಾ ಹೈ ಗೌಡ್ರೇ, ವೆಡ್ಜ್ ಬೋಲ್ತೇ" ಎಂದರು. ಚೆಂಡನ್ನು ಎತ್ತರಕ್ಕೆ ಎತ್ತಿ ಮೆಲ್ಲಗೆ ಇಳಿಸುವ ಕೋಲು ಅದು. ಮಾವನ ಕಿವಿಗೆ ಬಿದ್ದದ್ದು ಮಾತ್ರ ಬೇರೆ.

"ವೆಜ್ಜಾ? ಹಂಗಾದ್ರೆ ನಾನ್‌ವೆಜ್ ಯಾವ್ದು?"

ಭಾಯಿ ಒಂದಿಷ್ಟೂ ತಡವರಿಸದೆ ಮೂಲೆಯಲ್ಲಿದ್ದ ದಪ್ಪ ತಲೆಯ ಉದ್ದನೆ ಕೋಲನ್ನು ತೋರಿಸಿದರಂತೆ. "ಅದು. ಏಕ್‌ದಂ ಬಿರಿಯಾನಿ."

ಅವತ್ತು ಶನಿವಾರ. ಶನಿವಾರ ಮಾವ ಮೊಟ್ಟೆಯ ಹೆಸರನ್ನೂ ಎತ್ತುವವರಲ್ಲ. ವೆಜ್ ಕೋಲನ್ನೇ ಹೆಗಲಿಗೇರಿಸಿಕೊಂಡು ಬಸ್ ಹತ್ತಿದರು.

ಇಷ್ಟು ಹೇಳಿದ ಮೇಲೆ ಗೋಡೆಯ ವಿಷಯ ಹೇಳದೆ ವಿಧಿಯಿಲ್ಲ. ಮಾವನ ಹಿತ್ತಿಲು ಮುಗಿಯುವುದು ಒಂದು ಗೋಡೆಗೆ. ಗೋಡೆಯ ಆಚೆ ಚಿಕ್ಕ ಮಾವನ ಹಿತ್ತಿಲು. ಇಬ್ಬರೂ ನಮ್ಮಮ್ಮನ ಅಣ್ಣಂದಿರು, ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ಬೆಳೆದವರು. ಪಾಲಾದಾಗ ಅಜ್ಜನ ಕಾಲದ ಬಾವಿ ಚಿಕ್ಕ ಮಾವನ ಕಡೆಗೆ ಬಂತು. ಮೊಮ್ಮಕ್ಕಳು ಓಡಾಡುವ ಜಾಗ, ಯಾವತ್ತಾದರೂ ಅನಾಹುತವಾದೀತು ಎಂದು ಚಿಕ್ಕ ಮಾವ ಅದನ್ನು ಮುಚ್ಚಿಸಿಬಿಟ್ಟರು. ಮುಚ್ಚಿಸಿದ್ದು ತಪ್ಪಲ್ಲ. ದೊಡ್ಡ ಮಾವ ತಿರುಪತಿಗೆ ಹೋಗಿದ್ದಾಗ, ಒಂದು ಮಾತೂ ಕೇಳದೆ ಮುಚ್ಚಿಸಿದರಲ್ಲ, ಅದು! ಬೋಳು ತಲೆ, ಕೈಯಲ್ಲಿ ಲಾಡು ಹಿಡಿದು ಬಂದ ದೊಡ್ಡ ಮಾವ ಬಾವಿಯಿದ್ದ ಜಾಗದಲ್ಲಿ ಮಣ್ಣು ನೋಡಿ, ಇನ್ನು ಮೇಲೆ ನನ್ನ ಹೊಸಿಲು ತುಳಿಯಬೇಡ ಎಂದುಬಿಟ್ಟರು.

ಚಿಕ್ಕ ಮಾವನೋ, ಹುಟ್ಟಿದಾಗಿನಿಂದ ಅಣ್ಣ ಹೇಳಿದ ಒಂದು ಮಾತನ್ನೂ ಕೇಳಿದವರಲ್ಲ. ಓದು ಎಂದರೆ ಓದಲಿಲ್ಲ, ಬುಲೆಟ್ ಬೈಕು ಬೇಡ ಎಂದರೆ ಬಿಡಲಿಲ್ಲ. ಈ ಒಂದು ಮಾತನ್ನು ಮಾತ್ರ ವೇದವಾಕ್ಯದಂತೆ ಪಾಲಿಸಿದರು!

ಅಂದಿನಿಂದ ದೊಡ್ಡ ಮಾವನ ಬಾಯಲ್ಲಿ ತಮ್ಮನಿಗೆ ಹೆಸರಿಲ್ಲ. 'ಆ ಕಡೆ' ಅಷ್ಟೇ. ವ್ಯಾಕರಣದಲ್ಲೂ ಅವರನ್ನು ನಪುಂಸಕಲಿಂಗಕ್ಕೆ ವರ್ಗಾಯಿಸಿಬಿಟ್ಟರು. ನಾನು ಮರ್ಫಿ ಟೌನಿನಿಂದ ಭಾನುವಾರ ಹೋದಾಗಲೆಲ್ಲ ಕಾಫಿ ಲೋಟ ಕೈಗಿಡುವ ಮೊದಲೇ ವಿಚಾರಣೆ ಶುರು. ಆ ಕಡೆ ಕೆಮ್ಮುತ್ತಿತ್ತಲ್ಲ, ಡಾಕ್ಟರ ಹತ್ತಿರ ಹೋಯಿತಾ? ಆ ಕಡೆ ರಾತ್ರಿ ಚಪಾತಿ ತಿನ್ನುತ್ತಾ, ಇನ್ನೂ ಅನ್ನವೇ ತಿನ್ನುತ್ತಾ? ಮಾತು ಬಿಟ್ಟವರು ಇಷ್ಟು ವಿಚಾರಿಸುತ್ತಾರೆಯೇ? ಮಾತಾಡುವ ನಾವೇ ಇಷ್ಟು ವಿಚಾರಿಸುವುದಿಲ್ಲ.

ಮುಚ್ಚಿದ ಬಾವಿಯ ಮೇಲೆ ದುಂಡಗೆ ಹುಲ್ಲು ಬಂದಿತ್ತು. ಅಡಿಯ ನೀರು ಇನ್ನೂ ಹಟ ಬಿಟ್ಟಿಲ್ಲವೆಂದು ಕಾಣುತ್ತದೆ, ಸುತ್ತೆಲ್ಲ ಒಣಗಿದ್ದರೂ ಆ ವೃತ್ತ ಮಾತ್ರ ಹಸಿರು. ಬೆಳಿಗ್ಗೆ ಚಿಕ್ಕ ಮಾವ ಅದರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತ ಪೇಪರ್ ಓದುವುದು ರೂಢಿ. ದೊಡ್ಡ ಮಾವನ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಕಡೆಯ ಹುಡುಗ ಮೆಟ್ಟಿಲ ಮೇಲಿಂದ ಅದನ್ನು ನೋಡಿ ಒಮ್ಮೆ, "ಮಾಲಕ್ರ, ಥೇಟ್ ಗಾಲ್ಫ್ ಗ್ರೀನ್ ಇದ್ದಂಗ ಐತಲ್ರಿ" ಎಂದ. ಚೆಂಡನ್ನು ಕೊನೆಗೆ ಮುಟ್ಟಿಸಬೇಕಾದ ಹುಲ್ಲಿನ ಜಾಗಕ್ಕೆ ಆ ಹೆಸರಂತೆ. ಸಾಫ್ಟ್‌ವೇರ್ ಕಂಪನಿಯವನು, ಬಾಸ್‌ನ ಬಲವಂತಕ್ಕೆ ಗಾಲ್ಫ್ ಕಲಿತವನು. ಮಾವ ಒಳಗೆ ಹೋಗಿ ಮೂಲೆಯಲ್ಲಿದ್ದ ಕಳೆ ಕೋಲನ್ನು ತಂದರು. ಮುಂದಿನದು ಇತಿಹಾಸ.

ಹುಡುಗ ಹಳೆಯ ಚೆಂಡುಗಳ ಚೀಲವೊಂದನ್ನು ತಂದುಕೊಟ್ಟ, ಪಾಠ ಶುರುವಾಯಿತು. ಹುಡುಗ ಬಲು ಶ್ರದ್ಧೆಯಿಂದ ವಿವರಿಸಿದನಂತೆ: ನಿಮ್ಮ ಮೈಯನ್ನೇ ಗಡಿಯಾರ ಅಂದುಕೊಳ್ಳಿ, ಹತ್ತಿರದ ಏಟಿಗೆ ಒಂಬತ್ತು ಗಂಟೆ, ತುಸು ದೂರಕ್ಕೆ ಹತ್ತೂವರೆ. ಕೈ ಎಷ್ಟು ಹಿಂದಕ್ಕೆ ಹೋಗಬೇಕೆಂಬುದರ ಲೆಕ್ಕ ಅದು. ಮಾರನೆ ದಿನ ಮಾವ ಬೆಳಗಾಗುತ್ತಲೇ ಚೆಂಡಿನ ಮುಂದೆ ಕೋಲು ಹಿಡಿದು ಗರುಡಗಂಬದಂತೆ ನಿಂತರು. ಹೊಡೆಯಲೊಲ್ಲರು! ಅತ್ತೆ ಯಾಕೆಂದು ಕೇಳಿದರೆ, "ಇನ್ನೂ ಒಂಬತ್ತಾಗಿಲ್ಲ ಕಣೇ" ಎಂದರು. ಒಂಬತ್ತಕ್ಕೆ ಹೊಡೆದು, ಹತ್ತೂವರೆಯ ತನಕ ಮೆಟ್ಟಿಲ ಮೇಲೆ ಕೂತು, ಮತ್ತೆ ಹೊಡೆದರು. ಶನಿವಾರ ಬಂದಾಗ ಪೇಚಿಗಿಟ್ಟುಕೊಂಡಿತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲವಲ್ಲವೇ? ಗಾಲ್ಫ್ ಕಂಡುಹಿಡಿದವರಿಗೆ ಪಂಚಾಂಗ ಗೊತ್ತಿಲ್ಲವೆಂದು ಮಾವ ಬಹಳ ನೊಂದುಕೊಂಡರು.

ಮೊದಮೊದಲು ಚೆಂಡು ಕದಲುತ್ತಿರಲಿಲ್ಲ, ನೆಲ ಹಾರುತ್ತಿತ್ತು. ಎಷ್ಟಾದರೂ ಬೇಸಾಯದ ಕೈ. ಹಿತ್ತಿಲ ತುಂಬ ಗುಂಡಿಗಳಾದವು. ಅತ್ತೆ ಗೊಣಗಲಿಲ್ಲ, ಗುಂಡಿಗಳಿಗೆಲ್ಲ ಕೊತ್ತಂಬರಿ ಬೀಜ ಹಾಕಿದರು. ನನ್ನನ್ನು ಕರೆದು, "ಇನ್ನೊಂದು ವಾರ ಹಿಂಗೇ ಆಡ್ಲಿ ಬಿಡು, ಮೆಂತ್ಯನೂ ಹಾಕ್ತೀನಿ" ಎಂದರು.

ಹುಡುಗ ಮಾತ್ರ ಕೈಬಿಡಲಿಲ್ಲ. ಚೆಂಡನ್ನು ನೀವು ಎತ್ತಲು ಹೋಗಬೇಡಿ, ಎತ್ತುವುದು ಕೋಲಿನ ಮುಖದ ಕೆಲಸ ಎಂದ. ಭಾರ ಮುಂದಿನ ಕಾಲಿನ ಮೇಲಿರಲಿ, ಮಣಿಕಟ್ಟು ಕುಣಿಯದಿರಲಿ ಎಂದ. ಅಷ್ಟನ್ನೂ ಮಾವ ಕಲಿತರು. ಆದರೂ ಚೆಂಡು ಗೋಡೆಯ ಬುಡಕ್ಕೆ ಹೋಗಿ ಮುಗ್ಗರಿಸುತ್ತಿತ್ತು. ಒಂದು ಭಾನುವಾರ ನನ್ನೆದುರಿಗೇ ಹುಡುಗ ಕಾರಣ ಹೇಳಿದ.

"ಹೊಡೀಬೇಕಂತ ಶುರು ಮಾಡ್ತೀರಿ ಮಾಲಕ್ರ, ಅರ್ಧಕ್ಕ ಅಂಜಿ ಕೈ ಹಿಡೀತೀರಿ. ಒಮ್ಮೆ ಕೈ ಬೀಸಿದ್ರ ಪೂರ್ತಿ ಬೀಸಬೇಕ್ರಿ."

ಮಾವ ಗೋಡೆಯ ಕಡೆ ನೋಡಿದರು.

ಆಮೇಲೆ ಚೆಂಡು ಗೋಡೆ ದಾಟಿತು. ಹುಡುಗ ಮೆಟ್ಟಿಲ ಮೇಲೆ ನಿಂತು ರೇಡಿಯೋ ಕಾಮೆಂಟರಿಯವರಂತೆ ವರದಿ ಒಪ್ಪಿಸತೊಡಗಿದ. ತುಳಸಿ ಕಟ್ಟೆಗೆ ಬಡೀತ್ರಿ. ಒಣಹಾಕಿದ್ ಪಂಚೆ ಮ್ಯಾಲೆ ಬಿತ್ರಿ. ಒಮ್ಮೆ ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಸಣ್ಣ ಮಾಲಕ್ರು ಹೆಲ್ಮೆಟ್ ಹಾಕ್ಕೊಂಡು ಪೇಪರ್ ಓದಾಕತ್ತಾರ್ರಿ. ಕುರ್ಚಿ ಮಾತ್ರ ಸರಿಸಿಲ್ಲ."

ಅಷ್ಟು ಚೆಂಡು ಆಚೆಗೆ ಹೋದರೂ ಒಂದೂ ಹಿಂದಿರುಗಲಿಲ್ಲ. ಮಾವ ದಿನವೂ ಹೊಡೆಯುವರು, ಕಿವಿಯನ್ನು ಗೋಡೆಗಿಟ್ಟಂತೆ ನಿಲ್ಲುವರು, ಸ್ವಲ್ಪ ಹೊತ್ತಿನ ಮೇಲೆ ಕೋಲನ್ನು ಹುಣಸೆಹಣ್ಣು ಹಚ್ಚಿ ತೊಳೆಯುವರು. ನನಗೆ ನೋಡಲಾಗಲಿಲ್ಲ. ಒಂದು ಬದಲಾವಣೆಯಾಗಲಿ ಎಂದು ಹೊರಮಾವಿನ ಆಚೆ, ದುಡ್ಡು ಕೊಟ್ಟು ಚೆಂಡು ಹೊಡೆಯುವ ಮೈದಾನವೊಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಟೀ ಶರ್ಟಿನ ಮಹನೀಯರು ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆಯುತ್ತಿದ್ದರು. ಮಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಅಷ್ಟು ದೂರ ಹೊಡೆದ್ರೆ ತಂದ್ಕೊಡೋರ್ಯಾರು?" ಎಂದು ಕೇಳಿ, ಒಂದು ಚೆಂಡನ್ನೂ ಮುಟ್ಟದೆ ವಾಪಸು ಹೊರಟರು.

ದಾರಿಯಲ್ಲಿ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಅಲ್ಲಿ ಸಿಕ್ಕಿಕೊಂಡವರಿಗೆ ಪೂರ್ವಜನ್ಮದ್ದೂ ನೆನಪಾಗುತ್ತದೆ! ಮಾವನಿಗೆ ಚಿನ್ನಿದಾಂಡು ನೆನಪಾಯಿತು. ಈಗ ಅಪಾರ್ಟ್‌ಮೆಂಟಿನ ಈಜುಕೊಳ ಇರುವ ಕಡೆ ರಾಗಿ ಕೊಯ್ದ ಹೊಲವಿತ್ತಂತೆ. ದಾಂಡು ಅಣ್ಣನದು, ಹುಡುಕಿ ತರುವ ಕೆಲಸ ತಮ್ಮನದು. ಅದಕ್ಕೊಂದು ಕಾನೂನು. ಹೊಡೆಯುವವನು ಮೊದಲು 'ಬರ್ಲಾ?' ಎಂದು ಕೂಗಬೇಕು. ಕಾಯುವವನು 'ಬಾ' ಎನ್ನಬೇಕು. ಕೂಗದೆ ಹೊಡೆದರೆ ಆ ಏಟು ಲೆಕ್ಕಕ್ಕಿಲ್ಲ.

"ಎಷ್ಟು ದೂರ ಹೋದ್ರೂ ತಂದ್ಕೊಡ್ತಿತ್ತು ಕಣೋ, ಆ ಕಡೆ" ಎಂದರು ಮಾವ. ಕಾರಿನ ಗಾಜು ಇಳಿಸಿ ಹೊಗೆ ಕುಡಿಯುತ್ತ ಕೂತರು.

ಆ ತಿಂಗಳಲ್ಲೇ ಸುದ್ದಿ ಬಂತು. ಚಿಕ್ಕ ಮಾವನ ಮಗಳು ಹೊರಮಾವಿನಲ್ಲಿ ಫ್ಲ್ಯಾಟ್ ಕೊಂಡಿದ್ದಳು. ಅಪ್ಪ ಒಬ್ಬರೇ ಇರುವುದು ಬೇಡ, ನಮ್ಮ ಜೊತೆಗೇ ಇರಲಿ ಎಂಬುದು ಅವಳ ಹಟ. ಹಳೆಯ ಮನೆಯನ್ನು ಬಿಲ್ಡರಿಗೆ ಕೊಟ್ಟಾಯಿತು, ಗುರುವಾರ ಸಾಮಾನಿನ ಲಾರಿ ಬರುತ್ತದೆ. ಇದನ್ನು ದೊಡ್ಡ ಮಾವನಿಗೆ ಹೇಳಿದೆ. ಅವರು ಕೋಲಿನ ಹಿಡಿ ಒರೆಸುತ್ತ, ಹೊರಮಾವಿಗೆ ಇಲ್ಲಿಂದ ಹೊಡೆದರೆ ಮುಟ್ಟುತ್ತದೆಯೇ ಎಂದು ಕೇಳಿದರು. ತಮಾಷೆಗೆ ಕೇಳಿದ್ದೆಂದು ನಕ್ಕೆ. ಅವರು ನಗಲಿಲ್ಲ.

ಲಾರಿ ಬರುವ ಮುಂಚಿನ ಭಾನುವಾರ ಬೆಳಿಗ್ಗೆ ಸಾಮಾನು ಕಟ್ಟಲು ನೆರವಾಗೋಣವೆಂದು ಮೊದಲು ಚಿಕ್ಕ ಮಾವನ ಮನೆಗೇ ಹೋದೆ. ಹಿತ್ತಿಲ ಬಾಗಿಲ ಹಿಂದೆ ಒಂದು ಬಕೆಟ್ಟು. ಅದರ ತುಂಬ ಗಾಲ್ಫ್ ಚೆಂಡುಗಳು! ಒಂದೊಂದನ್ನೂ ತೊಳೆದು, ಒರೆಸಿ, ಆಗ ತಾನೇ ಹಬೆಯಿಂದ ಇಳಿಸಿದ ಕಡುಬಿನ ಹಾಗೆ ಜೋಡಿಸಿಟ್ಟಿದ್ದರು. ಇಷ್ಟು ಜೋಪಾನ ಮಾಡಿದವರು ಒಂದನ್ನಾದರೂ ಆಚೆಗೆ ಎಸೆಯಬಾರದಿತ್ತೇ ಎಂದೆ.

ಚಿಕ್ಕ ಮಾವ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಕೂಗ್ದೆ ಹೊಡೆದ್ರೆ ಲೆಕ್ಕಕ್ಕಿಲ್ಲ. ನಿಮ್ಮ ಮಾವನ್ಗೆ ಗೊತ್ತು ಅದು."

ಆಮೇಲೆ ಹೆಲ್ಮೆಟ್ ಹಾಕಿಕೊಂಡು, ಪೇಪರ್ ತೆಗೆದುಕೊಂಡು, ಕುರ್ಚಿಯ ಕಡೆ ನಡೆದರು.

ನಾನು ಸುತ್ತಿಬಳಸಿ ಈಚೆಗೆ ಬರುವಷ್ಟರಲ್ಲಿ ದೊಡ್ಡ ಮಾವ ಚೆಂಡಿನ ಮುಂದೆ ನಿಂತಾಗಿತ್ತು. ಅತ್ತೆ ಗುಂಡಿಯಿಂದ ಕೊತ್ತಂಬರಿ ಕೀಳುತ್ತಿದ್ದರು. ಹುಡುಗ ಮೆಟ್ಟಿಲ ಮೇಲೆ ತನ್ನ ಜಾಗ ಹಿಡಿದಿದ್ದ. ಹತ್ತಿರ ಹೋಗಿ, ಚಿಕ್ಕ ಮಾವನಿಂದ ಕೇಳಿ ಬಂದ ಮಾತನ್ನು ಹಾಗೆಯೇ ಮಾವನಿಗೆ ಒಪ್ಪಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಕೋಲು ನಿಧಾನವಾಗಿ ಒಂಬತ್ತು ಗಂಟೆಗೆ ಏರಿತು. ಅಲ್ಲೇ ನಿಂತಿತು. ಮತ್ತೆ ಅರ್ಧಕ್ಕೆ ಅಂಜಿದರಲ್ಲ ಎಂದುಕೊಂಡೆ. ಮಾವ ಕೋಲನ್ನು ಇಳಿಸಿದರು. ಗಂಟಲು ಸರಿ ಮಾಡಿಕೊಂಡರು.

"ಬರ್ಲಾ?"

ಗೋಡೆಯಾಚೆ ಪೇಪರ್ ಮಡಚುವ ಸದ್ದು. ಹೆಲ್ಮೆಟ್ಟಿನ ಬಕಲು ಟಕ್ಕೆಂದು ಬಿಚ್ಚಿದ ಸದ್ದು. ಅತ್ತೆಯ ಕೈಯಲ್ಲಿ ಕೊತ್ತಂಬರಿ ಕಟ್ಟು ಹಾಗೇ ನಿಂತಿತ್ತು.

"ಬಾ."

ಮಾವ ಚೆಂಡನ್ನು ನೋಡಿದರು. ಹೊಡೆಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಚಪ್ಪಲಿಯನ್ನೂ ಮೆಟ್ಟದೆ, ಮನೆಯೊಳಗೆ ಹಾದು ಬೀದಿಗಿಳಿದರು. ನನ್ನ ಹೊಸಿಲು ತುಳಿಯಬೇಡ ಎಂದು ಅವರು ತಮ್ಮನಿಗೆ ಹೇಳಿದ್ದು ನಿಜ. ಆದರೆ ತಮ್ಮನ ಹೊಸಿಲನ್ನು ಅವರು ತುಳಿಯಬಾರದೆಂದು ಯಾರೂ ಯಾವತ್ತೂ ಹೇಳಿರಲಿಲ್ಲವಲ್ಲ!

ಗೋಡೆಯ ಮೇಲಿಂದ ಇಣುಕುವ ಧೈರ್ಯ ನಮಗಾರಿಗೂ ಆಗಲಿಲ್ಲ. ಕಾಮೆಂಟರಿಯ ಹುಡುಗನೂ ಬಾಯಿ ಬಿಡಲೊಲ್ಲ. ನಾನು ಮೆಲ್ಲಗೆ, ಏನಾಯಿತು ಎಂದು ಕಣ್ಣಲ್ಲೇ ಕೇಳಿದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತ, "ಗ್ರೀನ್ ಮ್ಯಾಲೆ ಅದಾರ್ರಿ, ಇಬ್ಬರೂ" ಎಂದ.

ಎಷ್ಟೋ ಹೊತ್ತಿನ ಮೇಲೆ ಗೋಡೆಯ ಆಚೆಯಿಂದ ದೊಡ್ಡ ಮಾವನ ದನಿ ಬಂತು.

"ಯಾರ್ರೀ ಅದು, ಆ ಕಡೆ? ನನ್ ತಮ್ಮನ್ಗೂ ಸೇರ್ಸಿ ಎರಡು ಲೋಟ ಕಾಫಿ ಕಳ್ಸಿ. ಅವನ್ಗೆ ಸಕ್ಕರೆ ಬೇಡ."