ಬೀಗರ ಮನೆಗೆ ಬಾತ ಮುಖ

ಪಾಠ ಹೇಳುವವರಿಗೆ ಒಂದು ಸುಖವಿದೆ: ಹೇಳಿದ್ದನ್ನು ತಾವು ಅನುಭವಿಸಬೇಕಾಗಿಲ್ಲ. ದಾವಣಗೆರೆಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನಾನು ಸ್ಟೀರಾಯ್ಡ್ ಹಾರ್ಮೋನನ್ನು ವರ್ಷಕ್ಕೊಮ್ಮೆ ಹತ್ತೇ ನಿಮಿಷದಲ್ಲಿ ಮುಗಿಸುತ್ತಿದ್ದೆ. ಅದು ಜೀವಕೋಶದೊಳಗೆ ಹೋಗುತ್ತದೆ, ಜೀನುಗಳನ್ನು ಎಬ್ಬಿಸುತ್ತದೆ, ಹೊಸ ಪ್ರೋಟೀನು ಮಾಡಿಸುತ್ತದೆ, ಆ ಪ್ರೋಟೀನು ಉರಿಯನ್ನೂ ಬಾವನ್ನೂ ಅಡಗಿಸುತ್ತದೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಮಗಳನ್ನು ನೋಡಿ ಒಪ್ಪಿಹೋದ ಹರಿಹರದವರ ಮನೆ ನೋಡಲು ನಾವು ಭಾನುವಾರ ಹೋಗುವುದಿತ್ತು. ಮನೆ ನೋಡುವ ನೆಪದಲ್ಲಿ ಅವರೂ ನಮ್ಮನ್ನು ಇನ್ನೊಮ್ಮೆ ನೋಡುತ್ತಾರಲ್ಲ! ಶುಕ್ರವಾರ ಸಂಜೆ ನರೆತ ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡೆ. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಿರಿ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಅಲರ್ಜಿಯ ಪಾಠ ಮಾಡುವವನು ಪೊಟ್ಟಣ ಓದುತ್ತಾನೆಯೆ? ಶನಿವಾರ ಏಳುವಷ್ಟರಲ್ಲಿ ಹಣೆ, ರೆಪ್ಪೆ, ಕೆನ್ನೆ ಎಲ್ಲ ಬಾತಿದ್ದವು.

"ಅಯ್ಯೋ, ಇದೇನ್ರಿ ಮಖ ಮಡಿಕೆ ಆಗೈತೆ! ನಾಳೆ ಹೆಂಗೆ ಹೋಗೋದು? ಕುಡಿಯೋ ಮನುಷ್ಯ ಅಂದ್ಕೊಂಡು ಸಂಬಂಧನೇ ಬ್ಯಾಡ ಅಂದ್ರೆ?" ಎಂದಳು ಹೆಂಡತಿ.

ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟರು. ನುಂಗಿ ಕನ್ನಡಿ ಹಿಡಿದು ಕೂತೆ. ಕಾಲು ಗಂಟೆಗೇ ಹೆಂಡತಿ, "ಏನೂ ಇಳಿದಿಲ್ಲಲ್ರಿ" ಎಂದಳು.

"ತಡಿಯೇ, ಇನ್ನೂ ಪ್ರೋಟೀನು ತಯಾರಾಗಬೇಕು. ತಾಸುಗಟ್ಲೆ ಹಿಡಿತೈತೆ."

"ನಿಮ್ಮ ಮಾತು ಕಾಲೇಜು ಹುಡುಗ್ರೂ ಕೇಳಂಗಿಲ್ಲ, ಆ ಪ್ರೋಟೀನೂ ಕೇಳಂಗಿಲ್ಲ ಬಿಡ್ರಿ" ಎಂದು ಒಳಗೆ ಹೋದಳು. ಮಗಳ ಬಾಳು ನನ್ನ ಕೆನ್ನೆಗೆ ಗಂಟುಬಿದ್ದಿದೆಯಲ್ಲಪ್ಪಾ ಎಂದು ನಿಜವಾಗಿಯೂ ಹೆದರಿದೆ.

ಭಾನುವಾರ ಕಣ್ಣು ಬಿಡುವಂತಾಗಿತ್ತು. ಕೆನ್ನೆಗಳು ಮಾತ್ರ ಇನ್ನೂ ಉಬ್ಬಿಕೊಂಡೇ ಇದ್ದವು. ಹರಿಹರದಲ್ಲಿ ಹುಡುಗನ ತಾಯಿ ಬಾಗಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿದರು. ಬೆವರು ಒರೆಸುವ ನೆಪದಲ್ಲಿ ಕರವಸ್ತ್ರದಿಂದ ಕೆನ್ನೆ ಮುಚ್ಚಿಕೊಂಡೆ.

"ಬರ್ರಿ, ಕೂಡ್ರಿ. ಅವತ್ತು ಭಾಳ ಸೊರಗಿದ್ರಿ. ಸಂಬಂಧ ಕೂಡಿತು ಅಂತ ಮಖ ಎಷ್ಟು ತುಂಬ್ಕೊಂಡೈತೆ ನೋಡ್ರಿ!"

ಹೆಂಡತಿ ಸೆರಗಿನಲ್ಲಿ ಕೆಮ್ಮಿದಳು. ಅಂದೇ ಮದುವೆ ಗೊತ್ತಾಯಿತು.

ಮದುವೆಯ ಹೊತ್ತಿಗೆ ಪ್ರೋಟೀನುಗಳು ತಮ್ಮ ಕೆಲಸ ಪೂರ್ತಿ ಮುಗಿಸಿದ್ದವು. ಅಕ್ಷತೆ ಬಿದ್ದ ಮೇಲೆ ಬೀಗಿತ್ತಿ ಹತ್ತಿರ ಬಂದು, "ಯಾಕ್ರಿ ಬೀಗ್ರೆ, ಮತ್ತೆ ಇಳಿದು ಹೋಗೀರಿ? ಮಗಳು ಹೋಗ್ತಾಳಂತ ಚಿಂತೆನಾ?" ಎಂದರು. ಹಾರ್ಮೋನು, ಜೀನು ಎಂದು ವಿವರಿಸುವುದಕ್ಕಿಂತ ಸುಳ್ಳೇ ಸಲೀಸೆಂದು "ಹ್ಞೂಂ ರೀ" ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿಬಂತು. ನೆಟ್ಟಗೆ ಒಂದು ಸುಳ್ಳು ಹೇಳಲೂ ಬಾರದ ಮೇಷ್ಟ್ರು ನಾನು.